‘ನನಗೆ ಹೀಗಾಯ್ತು’ ಅನ್ನೋದು ದತ್ತಾಂಶ ಆಗೋದು ಯಾವಾಗ?

ಆಟೊಎಥ್ನೊಗ್ರಫಿ ಅಂದರೆ ಸ್ವಂತ ಅನುಭವವನ್ನೇ ದತ್ತಾಂಶ ಮಾಡಿಕೊಂಡು ಸಮಾಜವನ್ನು ಅಧ್ಯಯನ ಮಾಡೋ ವಿಧಾನ. ಈ ವ್ಯಾಖ್ಯೆ ಎಲ್ಲ ಗೈಡ್‌ಗಳಲ್ಲೂ ಇದೆ, ಬಿಡಿ. ತೊಡಕು ಶುರುವಾಗೋದು ಬರೆಯೋಕೆ ಕೂತಾಗ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವವನ್ನೇ ತಗೊಳ್ಳಿ. ಮೊದಲ ಡ್ರಾಫ್ಟಿನಲ್ಲಿ ಬರೋ ವಾಕ್ಯ: ‘ಓನರ್ ಜಾತಿ ನೋಡಿ ಮನೆ ಕೊಡಲಿಲ್ಲ.’ ನಡೆದದ್ದು, ನೊಂದದ್ದು, ಊಹಿಸಿದ್ದು ಮೂರೂ ಇದರಲ್ಲಿ ಕಲಸಿಹೋಗಿವೆ. ಪುಟಕ್ಕೆ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಕಿವಿಗೆ ಬಿದ್ದ ಮಾತು ಮಾತ್ರ, ಬಂದ ಕ್ರಮದಲ್ಲೇ: ‘ಯಾವೂರು?’ ‘ತಂದೆ ಏನ್ಮಾಡ್ತಾರೆ?’ ‘ವೆಜ್ಜಾ, ನಾನ್‌ವೆಜ್ಜಾ?’ ‘ಸಂಜೆ ಫೋನ್ ಮಾಡ್ತೀನಿ.’ ಎರಡನೆಯದರಲ್ಲಿ ಆಗ ಅನಿಸಿದ್ದು. ಮೂರನೆಯದು ವಿವರಣೆಗೆ, ಅದು ಒಂದು ದಿನ ಖಾಲಿ ಇರಲಿ.

ಮರುದಿನ ಮೊದಲ ಕಾಲಂ ಓದಿದರೆ ಅಲ್ಲಿ ಜಾತಿ ಅನ್ನೋ ಪದವೇ ಇಲ್ಲ! ಹಾಗಂತ ಅನುಭವ ಸುಳ್ಳಲ್ಲ. ಬಾಯಿಬಿಟ್ಟು ಕೇಳದೆಯೇ ಜಾತಿಯನ್ನು ಅಂದಾಜು ಮಾಡೋಕೆ ಊರು, ಕಸುಬು, ಊಟ ಹೇಗೆ ಸಾಲಾಗಿ ಬಂದವು ಅನ್ನೋದೇ ಈಗ ಅಧ್ಯಯನದ ಪ್ರಶ್ನೆ. ‘ಜಾತಿ ನೋಡಿ’ ಅಂತ ಮೊದಲೇ ಬರೆದುಬಿಟ್ಟರೆ ಈ ಸಾಲು ಕಣ್ಣಿಗೇ ಬೀಳಲ್ಲ.

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ (ವೈವಾ) ‘ಒಬ್ಬರ ಅನುಭವದಿಂದ ಏನು ಸಾಬೀತಾಗುತ್ತೆ?’ ಅಂತ ಕೇಳೇ ಕೇಳ್ತಾರೆ. ಎಷ್ಟು ಓನರ್‌ಗಳು ಹೀಗೆ ಅನ್ನೋಕೆ ಸರ್ವೆ ಬೇಕು. ಹೇಗೆ ನಡೆಯುತ್ತೆ ಅನ್ನೋದನ್ನು ತೋರಿಸೋಕೆ ಒಂದೇ ಘಟನೆಯಿಂದಲೂ ಶುರುಮಾಡಬಹುದು. ಆದರೆ ನಿಮ್ಮ ವಿವರಣೆ ನಿಲ್ಲುತ್ತಾ ಅಂತ ಪರೀಕ್ಷಿಸಲೇಬೇಕು. ಮನೆ ಸಿಕ್ಕವರಿಗೂ ಇದೇ ಪ್ರಶ್ನೆ ಬಂತಾ? ಬ್ರೋಕರ್‌ನ ಕೇಳೋದನ್ನೂ ಬಿಡಬೇಡಿ, ಓನರ್ ಷರತ್ತುಗಳು ಅವರಿಗೆ ಮೊದಲೇ ಗೊತ್ತಿರುತ್ತವೆ. ಅದೇ ಉತ್ತರ ಕೊಟ್ಟವರಿಗೆ ಮನೆ ಸಿಕ್ಕಿದ್ದರೆ ಮೂರನೇ ಕಾಲಂ ಹೊಡೆದುಹಾಕಿ ಹೊಸದಾಗಿ ಬರೀಬೇಕು. ಕಷ್ಟದ ಕೆಲಸವೇ.

ಮುಜುಗರದ ಪ್ರಸಂಗಗಳನ್ನು ಎಸೀಬೇಡಿ. 1948ರಲ್ಲಿ ಅಧ್ಯಯನಕ್ಕಾಗಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿದ್ದ (ಹಳ್ಳಿಗೆ ಅವರಿಟ್ಟ ಮರೆಹೆಸರು) ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಸ್ನಾನ ಆದಮೇಲೆ ಶೇವ್ ಮಾಡಿಕೊಂಡದ್ದಕ್ಕೆ ಊರ ಯಜಮಾನರಿಂದ ಮಾತು ಕೇಳಬೇಕಾಯ್ತು. ಮಡಿಯ ನಿಯಮ ಮಾತ್ರವಲ್ಲ, ಊರು ಅವರನ್ನು ಸಂಶೋಧಕ ಅನ್ನೋದಕ್ಕಿಂತ ಬ್ರಾಹ್ಮಣ ಅಂತಲೇ ಅಳೀತಿತ್ತು ಅನ್ನೋದೂ ಅದರಿಂದ ಗೊತ್ತಾಗುತ್ತೆ.

ಹೆಸರು ಮರೆಮಾಡುವಾಗ ಬೀದಿ, ಕ್ರಾಸ್ ಬದಲಿಸಿ. ಜಾತಿ, ಕಸುಬು ಬದಲಿಸಿದರೆ ವಿಶ್ಲೇಷಣೆಯೇ ಕುಸಿಯುತ್ತೆ.

ನಡೆದ ದಿನ, ಬರೆದ ದಿನ ಎರಡನ್ನೂ ಪುಟದ ಮೇಲೆ ಹಾಕಿ. ಶ್ರೀನಿವಾಸ್ ಸಿದ್ಧಪಡಿಸಿಕೊಂಡಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ನೆನಪಿನಿಂದ ಬರೆದದ್ದನ್ನು ನೆನಪಿನಿಂದಲೇ ಬರೆದದ್ದು ಅಂತ ಅವರು ಪುಸ್ತಕದ ಶೀರ್ಷಿಕೆಯಲ್ಲೇ ಹೇಳಿಬಿಟ್ಟರು: ‘ದಿ ರಿಮೆಂಬರ್ಡ್ ವಿಲೇಜ್’, ಅಂದರೆ ನೆನಪಿನ ಹಳ್ಳಿ.