ಹೆಲ್ಮೆಟ್ ಇಲ್ಲದಿದ್ದರೆ ದಂಡ 1,000 ರೂಪಾಯಿಯೋ, 500 ರೂಪಾಯಿಯೋ?

ಪ್ರಶ್ನೆ: ಹೆಲ್ಮೆಟ್ ಹಾಕದಿದ್ದರೆ 1,000 ರೂಪಾಯಿ ದಂಡ ಅನ್ನುವ ಕಾನೂನನ್ನು ಬೇರೆ ಬೇರೆ ಪಕ್ಷದವರು ಸೇರಿಯೇ ತಂದರಂತೆ. ಹಾಗಿದ್ರೆ ಕರ್ನಾಟಕದಲ್ಲಿ 500 ಯಾಕೆ?

ಉತ್ತರ: ಮೋಟಾರು ವಾಹನ ಕಾಯ್ದೆಯ 194ಡಿ ಕಲಂನಲ್ಲಿ ಇರುವುದು 1,000 ರೂಪಾಯಿಯೇ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. ಆದರೆ ಕೋರ್ಟ್ ಮೆಟ್ಟಿಲು ಹತ್ತದೆ ಅಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು 200ನೇ ಕಲಂ ರಾಜ್ಯಗಳ ಕೈಗೆ ಬಿಟ್ಟಿದೆ. 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಅದನ್ನು 500ಕ್ಕೆ ಇಳಿಸಿತು.

ಪಕ್ಷಗಳ ವಿಷಯ ನೀವು ಕೇಳಿದ್ದು ನಿಜ. 2016ರಲ್ಲಿ ರಾಜಸ್ಥಾನದ ಸಾರಿಗೆ ಮಂತ್ರಿಯಾಗಿದ್ದ ಯೂನುಸ್ ಖಾನ್ ನೇತೃತ್ವದಲ್ಲಿ 18 ರಾಜ್ಯಗಳ ಸಾರಿಗೆ ಮಂತ್ರಿಗಳು ಕೂತು ಚರ್ಚಿಸಿದರು. ಅವರು ಬೇರೆ ಬೇರೆ ಪಕ್ಷದವರು. ಅಲ್ಲಿಂದ ಹುಟ್ಟಿದ ಮಸೂದೆ 2017ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಸಿಕ್ಕಿಕೊಂಡಿತು. ಲೋಕಸಭೆಯ ಅವಧಿ ಮುಗಿದಾಗ ಬಿದ್ದೇ ಹೋಯಿತು. ಮತ್ತೆ ತಂದಾಗ, 2019ರ ಜುಲೈ 31ರಂದು, ರಾಜ್ಯಸಭೆಯಲ್ಲಿ ಪರವಾಗಿ 108 ಮತ, ವಿರುದ್ಧ ಬರೀ 13.

ಸೆಪ್ಟೆಂಬರ್ 1ಕ್ಕೆ ಹೊಸ ದಂಡ ಜಾರಿಯಾಯಿತು. ಜನ ರೇಗಿದರು. ಆಗ ಹಿಂದೆ ಸರಿದವರಲ್ಲೂ ಬೇರೆ ಬೇರೆ ಪಕ್ಷದವರಿದ್ದರು. ದಂಡ ಇಳಿಸಿದ ಗುಜರಾತ್, ಕರ್ನಾಟಕ ಎರಡರಲ್ಲೂ ಆಗ ಬಿಜೆಪಿ ಸರ್ಕಾರ. ಕಾಂಗ್ರೆಸ್ಸಿನ ರಾಜಸ್ಥಾನ, ಪಂಜಾಬ್, ತೃಣಮೂಲದ ಪಶ್ಚಿಮ ಬಂಗಾಳ ಆಗ ಹೊಸ ದಂಡವನ್ನು ಜಾರಿಗೇ ತರಲಿಲ್ಲ. ದುಡ್ಡಿನ ಹೊರೆ ಜಾಸ್ತಿ ಅನ್ನುವ ದೂರು ಸುಳ್ಳಲ್ಲ. ಆದರೂ ದಂಡ ಇಳಿಸಲು ತೋರಿದ ಅವಸರವನ್ನು ಹೆಲ್ಮೆಟ್ ಹಾಕಿಸಲು ತೋರಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ, 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಮಂದಿ ಹಿಂದಿನ ಸೀಟಿನಲ್ಲಿ ಕೂತವರು.

ದಂಡ ಇಳಿದರೂ 129ನೇ ಕಲಂ ಬದಲಾಗಿಲ್ಲ. ಹಿಂದೆ ಕೂತವರಿಗೂ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ಟನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಅನ್ನುವುದೂ ಅದರಲ್ಲೇ ಇದೆ. ಪೊಲೀಸರನ್ನು ಕಂಡಾಗ ಸುಮ್ನೆ ತಲೆ ಮೇಲಿಟ್ಟು, ಬಕಲ್ ಹಾಕದೆ ಹೋಗುವವರೂ ದಂಡ ಕಟ್ಟಬೇಕಾದವರೇ.