ವಿಭಾಗಕ್ಕೊಂದು ಕಿರು ಪರಿವಿಡಿ

ಪುಟವಿನ್ಯಾಸಕ್ಕೆ ಬರುವವರು ಈಗೀಗ ಜಾಸ್ತಿ ಕೇಳುವುದು ಇದನ್ನೇ: "ಸರ್, ಪುಸ್ತಕದ ಶುರುವಿನ ಪರಿವಿಡಿ ಇರಲಿ, ಒಂದೊಂದು ವಿಭಾಗ ಶುರುವಾಗುವ ಕಡೆಯೂ ಅದರೊಳಗೆ ಏನೇನಿದೆ ಅಂತ ಚಿಕ್ಕದಾಗಿ ಬರಲಿ." ನ್ಯಾಯವಾದ ಮಾತು. 300 ಪುಟದ ಕೈಪಿಡಿಯ ಮಧ್ಯದಲ್ಲಿರುವವರು ಒಂದು ಉಪವಿಭಾಗ ಹುಡುಕೋಕೆ ಮತ್ತೆ ಶುರುವಿಗೆ ಯಾಕೆ ಹೋಗಬೇಕು?

ನಾನು ಮೊದಲ ಸಲ ಇದನ್ನು ಕೈಯಲ್ಲೇ ಟೈಪ್ ಮಾಡಿದ್ದೆ. ಕೊನೆಯ ಪ್ರೂಫ್‌ನಲ್ಲಿ ಲೇಖಕರು ಎರಡು ಪ್ಯಾರಾ ಸೇರಿಸಿದರು, ಪುಟಗಳು ಮುಂದೆ ಸರಿದವು, ಹದಿನಾಲ್ಕು ಪಟ್ಟಿಗಳ ಅಂಕಿಗಳೆಲ್ಲ ತಪ್ಪಾದವು. ರಾತ್ರಿಯಿಡೀ ಕೂತು ತಿದ್ದಿದೆ, ಆದರೂ ಒಂದು ತಪ್ಪು ಅಚ್ಚಾಗಿ ಹೋಯಿತು. ಅದು ಇವತ್ತಿಗೂ ನೋವು.

ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಈ ಕಷ್ಟ ಬೇಕಿಲ್ಲ. ನೀವು ಸಂಖ್ಯೆಯಿರುವ ಶೀರ್ಷಿಕೆ ಹಾಕಿದಾಗಲೆಲ್ಲ ಅದರ ಹೆಸರು, ಸಂಖ್ಯೆ, ಪುಟ ಒಂದು ಟಾಕ್ (.toc) ಫೈಲ್‌ಗೆ ಸೇರುತ್ತವೆ. ಮುಂದಿನ ಸಲ ರನ್ ಮಾಡಿದಾಗ ಅದನ್ನು ಓದಿ ಪರಿವಿಡಿ ಬರುತ್ತದೆ. ಅದಕ್ಕೇ ಎರಡು ಸಲ, ಪರಿವಿಡಿಯ ಉದ್ದವೇ ಪುಟಗಳನ್ನು ತಳ್ಳಿದರೆ ಮೂರು ಸಲ ರನ್ ಮಾಡಬೇಕು. ಇಲ್ಲಿ ಗಮನಿಸಬೇಕಾದ್ದು ಒಂದಿದೆ: ಆ ಫೈಲ್‌ನಲ್ಲಿ ಎಲ್ಲ ಹಂತದ ಶೀರ್ಷಿಕೆಗಳೂ ಇರುತ್ತವೆ. ಟಾಕ್‌ಡೆಪ್ತ್ ಅನ್ನುವ ಅಂಕಿ ಎಷ್ಟನೇ ಹಂತದವರೆಗೆ ತೋರಿಸಬೇಕು ಅಂತ ಮಾತ್ರ ಹೇಳುತ್ತದೆ. ಅಂದರೆ ಕಿರು ಪರಿವಿಡಿಗೆ ಬೇಕಾದ ಮಾಹಿತಿ ಆಗಲೇ ನಿಮ್ಮ ಕೈಯಲ್ಲಿದೆ, ಬೇಕಾದ ತುಂಡನ್ನು ಬೇಕಾದ ಕಡೆ ತೋರಿಸಿದರಾಯಿತು.

ಇದಕ್ಕೆ ಮೂರು ಪ್ಯಾಕೇಜ್ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಉಪಕರಣಗಳು) ಬಳಕೆಯಲ್ಲಿವೆ. ಮಿನಿಟಾಕ್ ಹಳೆಯದು, ಗಟ್ಟಿಯಾದದ್ದು, ಆದರೆ ಪ್ರತಿ ಪಟ್ಟಿಗೂ ಬೇರೆ ಫೈಲ್ ಮಾಡುತ್ತದೆ. ಆಜ್ಞೆಗೆ ನಕ್ಷತ್ರ (*) ಹಾಕಿದ, ಸಂಖ್ಯೆಯಿಲ್ಲದ ಅಧ್ಯಾಯ ಮಧ್ಯೆ ಬಂದರೆ ಲೆಕ್ಕ ತಪ್ಪಿ, ಒಂದರ ಪಟ್ಟಿ ಇನ್ನೊಂದರ ಕೆಳಗೆ ಬರಬಹುದು. ಟೈಟಲ್‌ಟಾಕ್ ಕೂಡ ಚೆನ್ನಾಗಿದೆ. ನಾನು ಈಗ ಬಳಸುವುದು ಇಟಾಕ್. ಅದು ಆ ಒಂದೇ ಟಾಕ್ ಫೈಲನ್ನು ಎಷ್ಟು ಸಲ ಬೇಕಾದರೂ ಓದುತ್ತದೆ. ಸೆಕ್ಷನ್ (ವಿಭಾಗ) ಶೀರ್ಷಿಕೆಯ ಕೆಳಗೆ ಲೋಕಲ್‌ಟೇಬಲ್‌ಆಫ್‌ಕಂಟೆಂಟ್ಸ್ ಅನ್ನುವ ಆಜ್ಞೆ ಹಾಕಿದರೆ ಆ ಸೆಕ್ಷನ್‌ನ ಒಳಗಿನವು ಮಾತ್ರ ಬರುತ್ತವೆ.

ತುಂಬಾ ಜನ ಎಡವುವ ಜಾಗ ಇದು: ಮುಖ್ಯ ಪರಿವಿಡಿ ಚಿಕ್ಕದಿರಲಿ ಅಂತ ಟಾಕ್‌ಡೆಪ್ತ್ 1 ಇಟ್ಟಿರುತ್ತಾರೆ, ಆಮೇಲೆ ಕಿರು ಪರಿವಿಡಿ ಖಾಲಿ ಬಂತು ಅಂತ ಗಾಬರಿಯಾಗುತ್ತಾರೆ. ಉಪವಿಭಾಗ 2ನೇ ಹಂತ, ಹಾಗಾಗಿ ಅದು ಅಲ್ಲೇ ಸೋಸಿ ಹೋಗಿರುತ್ತದೆ. ಕಿರು ಪರಿವಿಡಿಗೆ ಸ್ವಲ್ಪ ಮುಂಚೆ ಇಟಾಕ್‌ಸೆಟ್‌ನೆಕ್ಸ್ಟ್‌ಟಾಕ್‌ಡೆಪ್ತ್ ಆಜ್ಞೆಯಲ್ಲಿ 2 ಅಥವಾ 3 ಕೊಡಿ. ಅದು ಆ ಒಂದು ಪಟ್ಟಿಗಷ್ಟೇ ಅನ್ವಯಿಸುತ್ತದೆ. ಇನ್ನು ಸಂಖ್ಯೆಯಿಲ್ಲದ ಸೆಕ್ಷನ್ ತಾನಾಗಿ ಟಾಕ್ ಫೈಲ್‌ಗೆ ಸೇರುವುದಿಲ್ಲ, ಅದನ್ನು ಆಡ್‌ಕಂಟೆಂಟ್ಸ್‌ಲೈನ್ ಆಜ್ಞೆಯ ಮೂಲಕ ಸೇರಿಸದಿದ್ದರೆ ಅದರ ಉಪವಿಭಾಗಗಳು ಹಿಂದಿನ ಸೆಕ್ಷನ್‌ನವು ಅನ್ನುವ ಹಾಗೆ ಕಾಣುತ್ತವೆ.

ರೂಪದ ವಿಷಯಕ್ಕೆ ಬಂದರೆ, ಮುಖ್ಯ ಪರಿವಿಡಿಯನ್ನೇ ಚಿಕ್ಕದು ಮಾಡಿ ಹಾಕಿದರೆ ಪುಟ ಭಾರವಾಗುತ್ತದೆ. ಚುಕ್ಕಿಸಾಲು ತೆಗೆಯಿರಿ, ಅಕ್ಷರ ಒಂದು ಹಂತ ಸಣ್ಣದಿರಲಿ. ನನಗೆ ತುಂಬಾ ಇಷ್ಟವಾದದ್ದು ಪ್ಯಾರಾ ರೂಪ: ಶೀರ್ಷಿಕೆ, ಪಕ್ಕದಲ್ಲಿ ಪುಟ ಸಂಖ್ಯೆ, ಅರ್ಧವಿರಾಮ, ಮುಂದಿನ ಶೀರ್ಷಿಕೆ, ಹೀಗೆ ಒಂದೇ ಓಟದಲ್ಲಿ. ಹತ್ತು ಸಾಲಿನ ಪಟ್ಟಿ ಮೂರು ಸಾಲಿಗೆ ಇಳಿಯುತ್ತದೆ. ಇಟಾಕ್‌ನಲ್ಲಿ ಒಂದೊಂದು ಹಂತಕ್ಕೂ ಶುರು, ಮುನ್ನ, ವಿಷಯ, ಮುಕ್ತಾಯ ಅಂತ ನಾಲ್ಕು ಭಾಗ ನೀವೇ ಬರೆಯಬಹುದು, ಹಾಗಾಗಿ ಇದು ಹತ್ತು ನಿಮಿಷದ ಕೆಲಸ.

ಕನ್ನಡದಲ್ಲಿ ಇನ್ನೂ ಒಂದು ತೊಂದರೆ ಇದೆ. ನಮ್ಮ ಸಮಾಸಪದಗಳು ಉದ್ದ, ಸಾಲಿನ ಕೊನೆಯಲ್ಲಿ ಸುಲಭವಾಗಿ ಮುರಿಯುವುದಿಲ್ಲ, ಕಿರಿದಾದ ಪಟ್ಟಿಯಲ್ಲಿ ಪುಟ ಸಂಖ್ಯೆಯ ಮೇಲೆಯೇ ಹೋಗಿ ಬೀಳುತ್ತವೆ. ಸೆಕ್ಷನ್ ಆಜ್ಞೆಯ ಚೌಕ ಆವರಣದಲ್ಲಿ ಚಿಕ್ಕ ಶೀರ್ಷಿಕೆ ಕೊಟ್ಟುಬಿಡಿ, ಪರಿವಿಡಿಗೆ ಅದೇ ಹೋಗುತ್ತದೆ. ಪುಸ್ತಕಕ್ಕೆಂದು ಲೇಟೆಕ್ ಕೊಡುವ ಸಿದ್ಧ ವಿನ್ಯಾಸವಾದ ಬುಕ್ ಕ್ಲಾಸ್‌ನಲ್ಲಿ, ಪರಿವಿಡಿಯ ಸೆಕ್ಷನ್ ಸಂಖ್ಯೆಗೆ ಸಿಗುವ ಜಾಗ 2.3 ಎಮ್ (ಒಂದು ಎಮ್ ಅಂದರೆ ಅಕ್ಷರದ ಗಾತ್ರದಷ್ಟು ಅಗಲ) ಅಷ್ಟೇ, 10.12 ಬಂದರೆ ಸಂಖ್ಯೆ ಶೀರ್ಷಿಕೆಗೆ ಅಂಟಿಕೊಳ್ಳುತ್ತದೆ, ಅದನ್ನು 3 ಎಮ್ ಮಾಡಿ.

ವರ್ಡ್ ಬಳಸುವವರೂ ಇದನ್ನು ಮಾಡಬಹುದು: ವಿಭಾಗವನ್ನು ಪೂರ್ತಿ ಆರಿಸಿ ಬುಕ್‌ಮಾರ್ಕ್ ಹಾಕಿ, ಪರಿವಿಡಿ ತರುವ ಟಿಒಸಿ (TOC) ಫೀಲ್ಡ್‌ನಲ್ಲಿ ಬಿ (\b) ಸ್ವಿಚ್ ಜೊತೆ ಆ ಬುಕ್‌ಮಾರ್ಕಿನ ಹೆಸರು ಕೊಡಿ. ಅಚ್ಚಿಗೆ ಕಳಿಸುವ ಮುಂಚೆ ಫೀಲ್ಡ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿ.

ಎರಡೇ ಉಪವಿಭಾಗ ಇರುವ, ಮೂರು ಪುಟದ ಸೆಕ್ಷನ್‌ಗೆ ಮಾತ್ರ ಇದು ಬೇಡ. ಓದುವವರ ಕಣ್ಣಿಗೆ ಅದೆಲ್ಲ ಹಾಗೇ ಬೀಳುತ್ತದೆ ಅಲ್ವಾ?