ಒಂದೆಕರೆಗೆ ಏಳು ಪಾಲು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಜ್ಜನ ಒಂದೆಕರೆ ಅಡಿಕೆ ತೋಟ. ಪಾಲುದಾರರು ಏಳು ಮಂದಿ. ಎಕರೆಗೆ ನೂರು ಸೆಂಟ್ಸ್. ಮಾವ ಮೊಬೈಲಿನಲ್ಲಿ ನೂರನ್ನು ಏಳರಿಂದ ಭಾಗಿಸಿದರು. 14.2857142857 ಅಂತ ಬಂತು. "ಇದೆಂತದು ಮಾರಾಯ, ಹೇಳಿದ್ದನ್ನೇ ಹೇಳ್ತಾ ಉಂಟಲ್ಲ!" ಅಂದರು.

ಯಾಕೆ ಅಂತ ತಿಳಿಯಲು ಕಾಗದದ ಮೇಲೆ ಭಾಗಾಕಾರ ಮಾಡಬೇಕು. (ಪಕ್ಕದ ಮಲಯಾಳಂ ಕ್ಲಾಸಿನಲ್ಲಿ ಇದಕ್ಕೆ 'ಹರಣ' ಅನ್ನುತ್ತಿದ್ದರು. ಯಕ್ಷಗಾನ ನೋಡಿ ಬೆಳೆದ ನಮಗೆ ಸೀತೆ ನೆನಪಾಗಿ ನಗು ಬರುತ್ತಿತ್ತು.)

ತಲಾ 14 ಕೊಟ್ಟರೆ 98 ಮುಗಿಯಿತು, ಎರಡು ಸೆಂಟ್ಸ್ ಉಳಿಯಿತು. ಇಲ್ಲಿ ಶಾಲೆಯಲ್ಲಿ "ಬಿಂದು ಹಾಕು, ಸೊನ್ನೆ ಇಳಿಸು" ಅನ್ನುತ್ತಾರೆ. ಆ ಸೊನ್ನೆ ಎಲ್ಲಿಂದ ಬಂತು? ಅದು ಚಿಲ್ಲರೆ ಮಾಡಿಸಿದ ಹಾಗೆ. ಹತ್ತು ರೂಪಾಯಿಯ ಎರಡು ನೋಟನ್ನು ಏಳು ಜನಕ್ಕೆ ಹಂಚಲಾಗದಿದ್ದರೆ ಇಪ್ಪತ್ತು ನಾಣ್ಯ ಮಾಡಿಸುತ್ತೇವೆ, ಅಲ್ವಾ? ಹಾಗೆಯೇ ಎರಡು ಸೆಂಟ್ಸನ್ನು ಇಪ್ಪತ್ತು ತುಂಡು ಮಾಡಿದೆವು. ಒಂದೊಂದು ತುಂಡೂ ಸೆಂಟಿನ ಹತ್ತನೇ ಒಂದು ಪಾಲು. ತಲಾ 2 ಕೊಟ್ಟರೆ 6 ಉಳಿಯುತ್ತದೆ. ಅದನ್ನು 60 ಮಾಡಿ, ತಲಾ 8, ಉಳಿದದ್ದು 4. ನಲವತ್ತರಲ್ಲಿ ತಲಾ 5, ಉಳಿದದ್ದು 5. ಐವತ್ತರಲ್ಲಿ 7, ಉಳಿದದ್ದು 1. ಹತ್ತರಲ್ಲಿ 1, ಉಳಿದದ್ದು 3. ಮೂವತ್ತರಲ್ಲಿ 4, ಉಳಿದದ್ದು 2.

ಮತ್ತೆ ಎರಡು! ಹೊರಟಲ್ಲಿಗೇ ಬಂದೆವು. ಇನ್ನು ಮುಂದೆ ಹಳೆಯ ದಾರಿಯೇ. ಇದನ್ನು ತಪ್ಪಿಸಲು ಆಗುವುದೇ ಇಲ್ಲ. ಏಳರಿಂದ ಭಾಗಿಸಿದಾಗ ಉಳಿಯಬಹುದಾದ್ದು 1ರಿಂದ 6ರವರೆಗಿನ ಆರೇ ಶೇಷ. ಸೊನ್ನೆ ಉಳಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಆರೂ ಬಂದು ಹೋದ ಮೇಲೆ ಏಳನೆಯದು ಹಳೆಯದೇ ಆಗಬೇಕು. 17 ಪಾಲಾದರೆ ಹದಿನಾರು ಅಂಕಿಗಳ ಸುತ್ತು ಬರುತ್ತದೆ. 13ಕ್ಕೆ ಹನ್ನೆರಡರವರೆಗೆ ಅವಕಾಶ ಇದ್ದರೂ ಆರಕ್ಕೇ ಮುಗಿಯುತ್ತದೆ.

ಶಿವಮೊಗ್ಗದ ಚಿಕ್ಕಮ್ಮನಿಗೆ ಸೆಂಟ್ಸ್ ಅರ್ಥವಾಗುವುದಿಲ್ಲ, ಗುಂಟೆ ಬೇಕು. ಎಕರೆಗೆ 40 ಗುಂಟೆ. ಏಳರಿಂದ ಭಾಗಿಸಿದರೆ 5.714285. ನೋಡಿ, ಅವೇ ಆರು ಅಂಕಿ! ನಲವತ್ತರಲ್ಲಿ ಐದು ಉಳಿಯುತ್ತದೆ. ನಮ್ಮ ಸುತ್ತಿನಲ್ಲಿ ಶೇಷ ಐದಾದ ಮೇಲೆ ಬಂದದ್ದು 7 ತಾನೇ? ಅಲ್ಲಿಂದಲೇ ಶುರು.

ಪಾಲುದಾರರು ಎಂಟಾಗಿದ್ದರೆ ತಲಾ 12.5 ಸೆಂಟ್ಸ್, ರಗಳೆಯೇ ಇಲ್ಲ. ನಾವು ಪ್ರತಿ ಸಲ ಹತ್ತರಂತೆ ಚಿಲ್ಲರೆ ಮಾಡಿಸುತ್ತೇವೆ. ಹತ್ತು ಅಂದರೆ ಎರಡು ಗುಣಿಸು ಐದು, ಅದರೊಳಗೆ ಬೇರೇನೂ ಇಲ್ಲ. ಛೇದ ಬರೀ ಎರಡು, ಐದುಗಳ ಗುಣಲಬ್ಧವಾದರೆ ಲೆಕ್ಕ ನಿಲ್ಲುತ್ತದೆ. ಸಂಕ್ಷೇಪಿಸಿದ ಮೇಲೂ ಅದರಲ್ಲಿ ಮೂರೋ ಏಳೋ ಸೇರಿಕೊಂಡಿದ್ದರೆ ನಿಲ್ಲುವುದಿಲ್ಲ. ಹಳಬರ ವೀಸ, ಅಂದರೆ ಹದಿನಾರನೇ ಒಂದು, 0.0625ಕ್ಕೆ ನಿಲ್ಲುತ್ತದೆ. ಆದರೆ 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಆದಾಗ ರೂಪಾಯಿಯ ಹದಿನಾರನೇ ಒಂದಾದ ಆಣೆಗೆ ಆರೂಕಾಲು ಪೈಸೆ ಬಂತು. ಕಾಲು ಪೈಸೆಗೆ ನಾಣ್ಯ ಎಲ್ಲಿದೆ?

ನಮ್ಮ ಪಾಲನ್ನು ಕೊನೆಗೆ 14.28ಕ್ಕೆ ನಿಲ್ಲಿಸಿದರು. ಏಳು ಪಾಲು ಸೇರಿ 99.96. ಉಳಿದ 0.04 ಸೆಂಟ್ ಅಂದರೆ ಸುಮಾರು ಹದಿನೇಳು ಚದರಡಿ. ಒಂಬತ್ತಡಿ ಅಂತರ ಕೇಳುವ ಅಡಿಕೆ ಗಿಡಕ್ಕೆ ಅದು ಸಾಲದು. ದೊಡ್ಡಮ್ಮ ಅಲ್ಲಿ ಬಸಳೆ ಚಪ್ಪರ ಹಾಕಿದ್ದಾರೆ.